ಮನೆ ರಿಪೇರಿಗೆ ಕೈ ಹಾಕುವವರು ಮಾಡಬೇಕಾದ್ದು, ಮಾಡಬಾರದ್ದು
(ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಮನೆಯವರಿಗೆ)

ದೀಪಾವಳಿ ಕಳೆದು ಅಡಿಕೆಯ ಮೊದಲ ಕೊಯ್ಲು ಅಂಗಳಕ್ಕೆ ಬೀಳುವ ಹೊತ್ತಿಗೆ ನಮ್ಮ ಮೂರು ತಾಲೂಕುಗಳಲ್ಲಿ ಮನೆ ರಿಪೇರಿಯ ಮಾತು ಶುರುವಾಗುತ್ತದೆ. ಹಂಚಿನ ಮಾಡು ಸೋರುತ್ತದೆ, ಬಚ್ಚಲು ಹೊರಗಿದ್ದು ಹಿರಿಯರಿಗೆ ಕಷ್ಟವಾಗುತ್ತದೆ, ಮಗನಿಗೆ ಮದುವೆ ಗೊತ್ತಾಗಿ ಇನ್ನೊಂದು ಕೋಣೆ ಬೇಕಾಗುತ್ತದೆ. ಈ ಸೂಚನೆ ಅಂಥ ಮನೆಯವರಿಗೆ.

ಇಲ್ಲಿರುವ ಎಲ್ಲ ಮಾತಿಗೂ ಬುಡ ಒಂದೇ. ವರ್ಷಕ್ಕೆ ಮೂರೂವರೆಯಿಂದ ನಾಲ್ಕು ಸಾವಿರ ಮಿಲಿಮೀಟರ್ ಮಳೆ ಬೀಳುವ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುವ ಸೀಮೆ ನಮ್ಮದು. ಇಲ್ಲಿ ಮನೆಯನ್ನು ಹಾಳುಮಾಡುವುದು ನೀರು. ಆದ್ದರಿಂದ ಹಣ ಮೊದಲು ಹೋಗಬೇಕಾದ್ದು ಮಾಡಿಗೆ, ಮನೆಯ ಹಿಂದಿನ ಬರೆಗೆ, ನೀರು ಹರಿದುಹೋಗುವ ಕಣಿಗೆ, ಹಳೆ ವಯರಿಂಗಿಗೆ. ಟೈಲ್ಸು, ಪೈಂಟು, ಫಾಲ್ಸ್ ಸೀಲಿಂಗು ಕೊನೆಗೆ. ಈ ಕ್ರಮವನ್ನು ಯಾರ ಒತ್ತಾಯಕ್ಕೂ ಬದಲಿಸಬೇಡಿ.

1. ದಿನ ಲೆಕ್ಕ ಹಾಕುವುದು

ಮಾಡಬೇಕಾದ್ದು

- ಪತ್ತನಾಜೆಯನ್ನು ಕೊನೆಯ ಗಡುವೆಂದು ಇಟ್ಟುಕೊಂಡು ಅಲ್ಲಿಂದ ಹಿಂದಕ್ಕೆ ದಿನ ಎಣಿಸಿ. ಬೇಶ ತಿಂಗಳ ಹತ್ತನೇ ದಿನ, ಅಂದರೆ ಮೇ 24-25ರ ಸುಮಾರಿಗೆ, ಜಾತ್ರೆ, ಕೋಲ, ಯಕ್ಷಗಾನ ಮೇಳಗಳ ತಿರುಗಾಟ ಎಲ್ಲವೂ ನಿಲ್ಲುತ್ತವೆ. ಆಕಾಶಕ್ಕೆ ತೆರೆದುಕೊಂಡ ನಿಮ್ಮ ಕೆಲಸವೂ ಅಷ್ಟರೊಳಗೆ ಮುಗಿದಿರಬೇಕು.
- ಮಾಡು ಬಿಚ್ಚುವುದಿದ್ದರೆ ಡಿಸೆಂಬರ್-ಜನವರಿಯಲ್ಲಿ ಬಿಚ್ಚಿ. ಸ್ಲ್ಯಾಬು ಮಾರ್ಚ್ ಒಳಗೆ ಬೀಳಲಿ, ಹೊರಗಿನ ಸಾರಣೆ ಏಪ್ರಿಲ್‌ನಲ್ಲಿ ಮುಗಿಯಲಿ. ಬಾಗಿಲು, ಕಪಾಟು, ಒಳಗಿನ ನೆಲದ ಕೆಲಸಗಳನ್ನು ಬೇಕಾದರೆ ಮಳೆಗಾಲಕ್ಕೆ ಇಟ್ಟುಕೊಳ್ಳಿ.
- ಕೆಲಸದವರು ಬಾರದ ದಿನಗಳನ್ನು ಮೊದಲೇ ಕಳೆಯಿರಿ. ಸುಬ್ರಹ್ಮಣ್ಯದ ಚಂಪಾಷಷ್ಠಿ, ಏಪ್ರಿಲ್ 10ರಿಂದ ನಡೆಯುವ ಪುತ್ತೂರು ಮಹಾಲಿಂಗೇಶ್ವರ ದೇವರ ಜಾತ್ರೆ, ರಂಜಾನ್ ತಿಂಗಳು, ಊರಿನ ನೇಮ ಇವೆಲ್ಲ ನಿಮ್ಮ ಲೆಕ್ಕದಲ್ಲಿರಲಿ. ಹೊರರಾಜ್ಯದ ಕೆಲಸದವರಿದ್ದರೆ ಅವರ ಹೋಳಿ ಹಬ್ಬವೂ ಇರಲಿ.
- ಸಿಮೆಂಟ್ ಕೆಲಸಕ್ಕೆ ಬೇಕಾದ ನೀರಿನ ಲೆಕ್ಕ ಮಾಡಿ. ಮಾರ್ಚ್ ಕಳೆದರೆ ಗುಡ್ಡದ ಮೇಲಿನ ಬಾವಿಗಳಲ್ಲಿ ನೀರು ತಳ ಕಾಣುತ್ತದೆ. ಕ್ಯೂರಿಂಗಿಗೆ ನೀರಿಲ್ಲದೆ ಸ್ಲ್ಯಾಬು ಹಾಕಿಸಿದರೆ ಬಿರುಕು ಖಂಡಿತ.

ಮಾಡಬಾರದ್ದು

- ಹೊಸ ಹಂಚು ಅಥವಾ ಶೀಟು, ಪಕ್ಕಾಸು, ರೀಪು ಅಂಗಳಕ್ಕೆ ಬಂದು ಬೀಳುವ ಮೊದಲು ಹಳೆ ಮಾಡನ್ನು ಬಿಚ್ಚಿಸಬೇಡಿ. 2025ರಲ್ಲಿ ಜಿಲ್ಲೆಯಲ್ಲಿ ಕೆಂಪುಕಲ್ಲು, ಹೊಯಿಗೆ ಸಿಗದೆ ಎಷ್ಟೋ ಕಡೆ ಕೆಲಸ ಅರ್ಧಕ್ಕೆ ನಿಂತದ್ದನ್ನು ನೆನಪಿಡಿ.
- ಅಡಿಕೆ ಒಣಗುವ ಅಂಗಳದಲ್ಲಿ ಜಲ್ಲಿ, ಹೊಯಿಗೆ, ಸಿಮೆಂಟು ಇಳಿಸಬೇಡಿ. ಒಂದೋ ಚಾಲಿ ಅಂಗಳದಿಂದ ಏಳುವವರೆಗೆ ಕಾಯಿರಿ, ಇಲ್ಲವೇ ಸಾಮಾನಿಗೆ ಬೇರೆ ಜಾಗ ಮಾಡಿ.
- ಕೆಲಸ ಮುಗಿಯುವ ಮೊದಲೇ ಒಕ್ಕಲಿನ ಮುಹೂರ್ತ ಇಟ್ಟು ಕಾಗದ ಹಂಚಬೇಡಿ. ಆ ದಿನದ ಅವಸರಕ್ಕೆ ಬಲಿಯಾಗುವುದು ಕ್ಯೂರಿಂಗು ಮತ್ತು ನೀರು ತಡೆಯುವ ಕೆಲಸ. ಇವೆರಡೂ ಕಣ್ಣಿಗೆ ಕಾಣುವುದಿಲ್ಲ.

2. ಜಾಗ ಮತ್ತು ಕಾಗದಪತ್ರ

ಮಾಡಬೇಕಾದ್ದು

- ಹೊಸ ಕೋಣೆ ಎಳೆಯುವ ಜಾಗ ವರ್ಗವೋ ಕುಮ್ಕಿಯೋ ಎಂದು ಆರ್‌ಟಿಸಿ ಮತ್ತು ನಕ್ಷೆ ಇಟ್ಟುಕೊಂಡು ನೋಡಿ. ಸಂಶಯವಿದ್ದರೆ ಸರ್ವೆಯವರಿಂದ ಗಡಿ ಗುರುತು ಮಾಡಿಸಿ.
- ಹಳ್ಳಿಯಲ್ಲಿ ಗ್ರಾಮ ಪಂಚಾಯತಿನಿಂದ, ಪುತ್ತೂರು ಪೇಟೆಯಲ್ಲಿ ನಗರಸಭೆಯಿಂದ, ಸುಳ್ಯ ಮತ್ತು ಕಡಬದಲ್ಲಿ ಪಟ್ಟಣ ಪಂಚಾಯತಿನಿಂದ ಬರಹದ ಅನುಮತಿ ಪಡೆಯಿರಿ. ಹಂಚು ಬದಲಿಸುವುದು ಬೇರೆ, ಗೋಡೆ ಎಬ್ಬಿಸುವುದು ಬೇರೆ. ಹೊಸ ಕಟ್ಟಡ, ಸೇರ್ಪಡೆ, ಮೇಲಂತಸ್ತು ಇವಕ್ಕೆಲ್ಲ ಅನುಮತಿ ಬೇಕು. ಪಂಚಾಯತಿನಲ್ಲಿ ನಮೂನೆ 9/11 ಸರಿಯಿದೆಯೇ ಎಂದು ಅದೇ ಹೊತ್ತಿಗೆ ನೋಡಿಕೊಳ್ಳಿ. ಮುಂದೆ ಸಾಲಕ್ಕೆ ಹೋದಾಗ ಬ್ಯಾಂಕಿನವರು ಮೊದಲು ಕೇಳುವುದು ಅದನ್ನೇ.
- ಕುಟುಂಬದ ಮನೆಯಾಗಿದ್ದು ಪಾಲು ಆಗಿಲ್ಲದಿದ್ದರೆ ಅಣ್ಣತಮ್ಮಂದಿರು, ಅಕ್ಕತಂಗಿಯರು ಎಲ್ಲರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಮುಂಬೈ, ದುಬೈಯಲ್ಲಿ ಇರುವವರನ್ನೂ ಬಿಡಬೇಡಿ. ತರವಾಡು ಮನೆಯಲ್ಲಿ ದೈವದ ಕೋಣೆ, ನಾಗಬನ, ಗುಳಿಗನ ಕಟ್ಟೆಗಳಿದ್ದರೆ ಕುಟುಂಬದ ಹಿರಿಯರನ್ನು ಕೂರಿಸಿ ಮಾತಾಡಿ ತೀರ್ಮಾನ ಮಾಡಿ.

ಮಾಡಬಾರದ್ದು

- ಕುಮ್ಕಿಯಲ್ಲಿ ಗೋಡೆ ಎಬ್ಬಿಸಬೇಡಿ. ವರ್ಗ ಜಾಗದ ಸುತ್ತ ನೂರು ಗಜದೊಳಗಿನ ಆ ಭೂಮಿಯಲ್ಲಿ ಸೊಪ್ಪು, ಸೌದೆ, ಮೇವಿನ ಸೌಲಭ್ಯ ನಿಮಗಿದೆ. ಭೂಮಿ ಮಾತ್ರ ಸರ್ಕಾರದ್ದು.
- ನಿಮ್ಮ ಜಾಗದಲ್ಲೇ ಬೆಳೆದ ಮರವೆಂದು ಸಾಗುವಾನಿ, ಬೀಟೆಗೆ ಗರಗಸ ಹಾಕಿಸಬೇಡಿ. 1976ರ ಮರ ಸಂರಕ್ಷಣಾ ಕಾಯ್ದೆಯಂತೆ ಅರಣ್ಯ ಇಲಾಖೆಯ ಅನುಮತಿ ಬೇಕು. ಹಲಸು, ಮಾವಾದರೂ ಕಡಿಯುವ ಮೊದಲು ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಕೇಳಿ.

3. ಬರೆ ಮತ್ತು ನೀರಿನ ದಾರಿ

ಈ ಸೂಚನೆಯಲ್ಲಿ ಒಂದೇ ಭಾಗ ಓದುವಷ್ಟು ಪುರುಸೊತ್ತು ಇದ್ದರೆ ಇದನ್ನು ಓದಿ. ನಮ್ಮಲ್ಲಿ ಮನೆ ಕಟ್ಟುವುದೆಂದರೆ ಗುಡ್ಡ ಕಡಿದು ತಟ್ಟು ಮಾಡುವುದು. ಮನೆಯ ಹಿಂದೆ ಬರೆ, ಮುಂದೆ ಇಳಿಜಾರು. 2018ರ ಆಗಸ್ಟ್‌ನಲ್ಲಿ ಸಂಪಾಜೆ ದಾಟಿದ ಕೂಡಲೇ ಸಿಗುವ ಜೋಡುಪಾಲದಲ್ಲಿ ಗುಡ್ಡ ಜರಿಯಿತು. 2022ರ ಆಗಸ್ಟ್ 1ರಂದು ಸುಬ್ರಹ್ಮಣ್ಯದಲ್ಲಿ ಗುಡ್ಡ ಮನೆಯ ಮೇಲೆ ಬಿದ್ದು ಇಬ್ಬರು ಪುಟ್ಟ ಹೆಣ್ಣುಮಕ್ಕಳು ತೀರಿಕೊಂಡರು. ಅದೇ ಮಳೆಯಲ್ಲಿ ಹರಿಹರ, ಕೊಲ್ಲಮೊಗ್ರು, ಕಲ್ಮಕಾರು ಕಡೆಯ ಮನೆ, ತೋಟ, ಸೇತುವೆಗಳು ಹಾನಿಗೊಂಡವು. ಇದು ಯಾವುದೋ ದೂರದ ಊರಿನ ಸುದ್ದಿಯಲ್ಲ.

ಮಾಡಬೇಕಾದ್ದು

- ಕೋಣೆ ದೊಡ್ಡದು ಮಾಡುವ ಮೊದಲು ಬರೆಯನ್ನು ನೋಡಿ. ಮೇಲೆ ನೆಲ ಬಿರಿದಿದೆಯೇ, ಮರಗಳು ಓರೆಯಾಗಿವೆಯೇ, ಮಳೆಗಾಲದಲ್ಲಿ ಬರೆಯ ಮೈಯಿಂದ ಒರತೆ ಹೊರಡುತ್ತದೆಯೇ? ಈ ಮೂರರಲ್ಲಿ ಒಂದು ಇದ್ದರೂ ಎಂಜಿನಿಯರನ್ನು ಸ್ಥಳಕ್ಕೆ ಕರೆಸದೆ ಮುಂದುವರಿಯಕೂಡದು.
- ಬರೆಯ ನೆತ್ತಿಯಲ್ಲಿ ಅಡ್ಡ ಕಣಿ ತೋಡಿಸಿ, ಗುಡ್ಡದ ನೀರು ಬರೆಯ ಮೈಮೇಲೆ ಇಳಿಯದೆ ಬದಿಯಿಂದ ತೋಡಿಗೆ ಹೋಗುವಂತೆ ಮಾಡಿ. ತಡೆಗೋಡೆ ಕಟ್ಟಿಸಿದರೆ ನೀರು ಹೊರಬರಲು ಪೈಪಿನ ತೂತುಗಳನ್ನು ಬಿಡಿಸಿ, ಗೋಡೆಯ ಬೆನ್ನಿಗೆ ಜಲ್ಲಿ ತುಂಬಿಸಿ. ಹೊರಹೋಗಲು ದಾರಿ ಸಿಗದ ನೀರು ಎಂಥ ಗಟ್ಟಿ ಗೋಡೆಯನ್ನೂ ದೂಡಿ ಬೀಳಿಸುತ್ತದೆ.
- ಹತ್ತಿರದಲ್ಲಿ ಹಳೆ ಸುರಂಗ ಇದೆಯೇ ಎಂದು ಊರಿನ ಹಿರಿಯರನ್ನು ಕೇಳಿ. ನೀರಿಗಾಗಿ ಗುಡ್ಡ ಕೊರೆದು ಆಮೇಲೆ ಮರೆತುಬಿಟ್ಟ ಸುರಂಗಗಳು ಈ ಕಡೆ ಇವೆ. ಅವುಗಳ ನೆತ್ತಿಯ ಮೇಲೆ ಪಾಯ ತೋಡಬಾರದು.
- ಉಪ್ಪಿನಂಗಡಿಯಂಥ ನದಿ ಬದಿಯ ಊರಿನವರು, ಕುಮಾರಧಾರಾ, ಪಯಸ್ವಿನಿ ದಡದವರು, 1974ರ ನೆರೆ ಎಲ್ಲಿಯವರೆಗೆ ಬಂದಿತ್ತೆಂದು ಕಂಡವರಿಂದ ತಿಳಿದುಕೊಳ್ಳಿ. ಮೀಟರು, ಸ್ವಿಚ್ ಬೋರ್ಡು, ಅಡಿಕೆ ದಾಸ್ತಾನು ಆ ಗುರುತಿಗಿಂತ ಮೇಲಿರಲಿ.

ಮಾಡಬಾರದ್ದು

- ಜಾಗ ಸಿಗಲಿ ಎಂದು ಜೆಸಿಬಿಯಿಂದ ಬರೆಯನ್ನು ನೆಟ್ಟಗೆ ಕಡಿಸಬೇಡಿ. ಇಳಿಜಾರು ಬಿಡಿ, ಇಲ್ಲವೇ ಮೆಟ್ಟಿಲು ಮೆಟ್ಟಿಲಾಗಿ ಕಡಿಸಿ.
- ಮೇ ತಿಂಗಳಲ್ಲಿ ಮಣ್ಣು ಕೆಲಸ ಶುರು ಮಾಡಬೇಡಿ. ಹೊಸದಾಗಿ ಕಡಿದ ಬರೆ ಮೊದಲ ಮಳೆಗೇ ಜರಿಯುತ್ತದೆ.
- ಕಡಿದ ಮಣ್ಣು, ಒಡೆದ ಕಲ್ಲು, ಹಳೆ ಸಾರಣೆಯನ್ನು ತೋಡಿಗೆ ಹಾಕಬೇಡಿ. ನೀವು ಕಟ್ಟಿಹಾಕಿದ ನೀರು ಕೆಳಗಿನವರ ತೋಟಕ್ಕೆ ನುಗ್ಗುತ್ತದೆ.
- ಜೋರು ಮಳೆಯ ರಾತ್ರಿ ಬರೆಯ ಬದಿಯ ಕೋಣೆಯಲ್ಲಿ ಯಾರನ್ನೂ ಮಲಗಿಸಬೇಡಿ. ಮಣ್ಣು ಜರಿಯತೊಡಗಿದರೆ ಸಾಮಾನು ನೋಡದೆ ಹೊರಬನ್ನಿ. 1077ಕ್ಕೆ ಅಥವಾ 112ಕ್ಕೆ ಫೋನು ಮಾಡಿ.

4. ಹಳೆ ಗೋಡೆ, ಹಳೆ ಮಾಡು

ಮಾಡಬೇಕಾದ್ದು

- ನಿಮ್ಮ ಗೋಡೆ ಯಾವುದರದ್ದು ಎಂದು ಮೊದಲು ತಿಳಿಯಿರಿ. ಮಣ್ಣಿನದೋ, ಮಣ್ಣಿನಲ್ಲಿ ಕಟ್ಟಿದ ಕೆಂಪುಕಲ್ಲಿನದೋ, ಸಿಮೆಂಟಿನಲ್ಲಿ ಕಟ್ಟಿದ್ದೋ? ಒಂದು ಮೂಲೆಯಲ್ಲಿ ಸಾರಣೆ ಕೆರೆದು ನೋಡಿದರೆ ಗೊತ್ತಾಗುತ್ತದೆ.
- ಬಿರುಕುಗಳ ಎರಡೂ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು ತಾರೀಕು ಬರೆಯಿರಿ. ಬಿರುಕು ಬೆಳೆಯುತ್ತಿದ್ದರೆ ಪಾಯದಲ್ಲಿ ತೊಂದರೆಯಿದೆ ಎಂದರ್ಥ, ಪುಟ್ಟಿ ತುಂಬಿದರೆ ಸರಿಯಾಗುವುದಿಲ್ಲ. 2022ರ ಜೂನ್‌ನಲ್ಲಿ ಸುಳ್ಯ-ಕೊಡಗು ಗಡಿಯ ಊರುಗಳಲ್ಲಿ ನೆಲ ಕಂಪಿಸಿತ್ತು. ಆ ಕಡೆಯವರು ಹೊಸ ಗೋಡೆಗೆ ಲಿಂಟಲ್ ಮಟ್ಟದಲ್ಲಿ ಸುತ್ತಲೂ ಬೆಲ್ಟು ಹಾಕಿಸಲೇಬೇಕು.
- ಪಕ್ಕಾಸುಗಳನ್ನು ಒಂದೊಂದಾಗಿ ಚೂಪಾದ ಕಬ್ಬಿಣದಿಂದ ಚುಚ್ಚಿ ನೋಡಿ. ಗಟ್ಟಿಯಿದ್ದದ್ದನ್ನು ಉಳಿಸಿ. ಹಳೆ ಹಲಸು, ಕಿರಾಲುಬೋಗಿಯಂಥ ಮರ ಇನ್ನು ಸುಲಭಕ್ಕೆ ಸಿಗುವುದಿಲ್ಲ. ಗೆದ್ದಲು, ಕುಟ್ಟೆ ತಡೆಯಲು ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚುವುದು ನಮ್ಮಲ್ಲಿ ಹಿಂದಿನಿಂದ ಬಂದ ಕ್ರಮ. ಹಚ್ಚುವಾಗ ಕೈಗವಸು ಬೇಕೇ ಬೇಕು, ತಾಗಿದರೆ ಚರ್ಮ ಸುಡುತ್ತದೆ.
- ಹಂಚು ಇಳಿಸುವಾಗ ಒಡೆಯದ್ದನ್ನು ಕಾರ್ಖಾನೆಯ ಮುದ್ರೆ ನೋಡಿ ಬೇರೆಬೇರೆ ಜೋಡಿಸಿ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚು ಮಾಡಲು ಶುರುಮಾಡಿದ ಮೇಲೆ ಎಷ್ಟೋ ಕಾರ್ಖಾನೆಗಳು ಎದ್ದವು, ಹಲವು ಮುಚ್ಚಿದವು. ಒಂದರ ಹಂಚು ಇನ್ನೊಂದರ ಕಚ್ಚಿಗೆ ಕೂರುವುದಿಲ್ಲ, ಸೋರುವುದು ಅಲ್ಲಿಯೇ.
- ಕೆಂಪುಕಲ್ಲು ಇಳಿಸುವಾಗ ಎದುರು ನಿಂತು ನೋಡಿ. ಬಿಳಿ ಜೇಡಿ ತುಂಬಿದ ಕಲ್ಲನ್ನು ಹಿಂದೆ ಕಳಿಸಿ. ಹೊಸದಾಗಿ ತೆಗೆದ ಕಲ್ಲು ಮೆದುವಾಗಿರುತ್ತದೆ, ಗಾಳಿಗೆ ಆರಿದಷ್ಟೂ ಗಟ್ಟಿಯಾಗುತ್ತದೆ. ಕೆಲವು ವಾರ ಬಿಟ್ಟು ಕಟ್ಟಿಸಿ.

ಮಾಡಬಾರದ್ದು

- ಮಣ್ಣಿನ ಗೋಡೆಯ ಮೇಲೆ ಸ್ಲ್ಯಾಬು ಹಾಕಿಸಕೂಡದು. ಹಂಚಿನ ಮಾಡಿನ ಭಾರಕ್ಕೆಂದು ಕಟ್ಟಿದ ಗೋಡೆ ಕಾಂಕ್ರೀಟಿನ ಭಾರ ತಡೆಯುವುದಿಲ್ಲ.
- ಮಣ್ಣಿನ ಗೋಡೆಗೆ ಸಿಮೆಂಟಿನ ಸಾರಣೆ ಮಾಡಿಸಬೇಡಿ. ಸಿಮೆಂಟು ಒಳಗಿನ ತೇವವನ್ನು ಹೊರಬಿಡುವುದಿಲ್ಲ. ಎರಡು ಮಳೆಗಾಲದಲ್ಲಿ ಸಾರಣೆ ಹಪ್ಪಳದಂತೆ ಎದ್ದುಬರುತ್ತದೆ. ಅಂಥ ಗೋಡೆಗೆ ಮಣ್ಣು, ಸುಣ್ಣವೇ ಸರಿ.
- ಹಾಲು ದೊಡ್ಡದಾಗಲಿ ಎಂದು ನಡುವಿನ ಗೋಡೆ ಒಡೆಸಬೇಡಿ. ಕೆಂಪುಕಲ್ಲಿನ ಮನೆಯಲ್ಲಿ ಹೆಚ್ಚಿನ ಗೋಡೆಗಳೆಲ್ಲ ಭಾರ ಹೊತ್ತವೇ. ಒಡೆಯಲೇಬೇಕಾದರೆ ಎಂಜಿನಿಯರರ ಲೆಕ್ಕ, ಆಧಾರದ ಕಂಬ, ಮೇಲೆ ಬೀಮು ಮೂರೂ ಮೊದಲು ಇರಬೇಕು.
- ಹಳೆ ಸಿಮೆಂಟ್ ಶೀಟನ್ನು ಸುತ್ತಿಗೆಯಿಂದ ಒಡೆದು ಇಳಿಸಬೇಡಿ. ಅದರಲ್ಲಿರುವ ಆಸ್ಬೆಸ್ಟಾಸ್ ಧೂಳು ಶ್ವಾಸಕೋಶಕ್ಕೆ ವಿಷ. ನೀರು ಹೊಡೆದು ಒದ್ದೆ ಮಾಡಿ, ಬೋಲ್ಟು ಬಿಚ್ಚಿ, ಇಡಿಯಾಗಿ ಇಳಿಸಿ. ಕೆಲಸದವರಿಗೆ ಒಳ್ಳೆಯ ಮಾಸ್ಕು ಕೊಡಿ.
- ಹಳೆ ಹಂಚು, ಕಲ್ಲು, ಮರವನ್ನು ಗೋಡೆಗೆ ಒರಗಿಸಿ ರಾಶಿ ಹಾಕಬೇಡಿ. ಹಾವು ಸೇರುತ್ತದೆ, ಗೆದ್ದಲು ಗೋಡೆ ಹತ್ತುತ್ತದೆ.

5. ಕಾಂಕ್ರೀಟು ಮತ್ತು ತಾರಸಿ

ಮಾಡಬೇಕಾದ್ದು

- ಸಿಮೆಂಟಿನ ಚೀಲದ ಮೇಲೆ ಅಚ್ಚಾದ ವಾರ, ವರ್ಷ ನೋಡಿ. ಮೂರು ತಿಂಗಳು ದಾಟಿದ್ದನ್ನು ಸ್ಲ್ಯಾಬಿಗೆ ಬಳಸಬೇಡಿ. ಚೀಲಗಳನ್ನು ಗೋಡೆಗೆ ತಾಗದಂತೆ ಹಲಗೆಯ ಮೇಲೆ ಇಡಿ.
- ಕಾಂಕ್ರೀಟು ಕಲಸುವಾಗ 50 ಕಿಲೋ ಚೀಲಕ್ಕೆ ನೀರು ಸುಮಾರು 25 ಲೀಟರು. ಹೊಯಿಗೆ ಒದ್ದೆಯಿದ್ದರೆ ಇನ್ನೂ ಕಡಿಮೆ. ಸಲೀಸಾಗಿ ಹರಿಯಲೆಂದು ನೀರು ಸುರಿದರೆ ಬಲ ಹೋಗುತ್ತದೆ.
- ಈಗ ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು ಪಿಪಿಸಿ ಸಿಮೆಂಟು. ಅದಕ್ಕೆ ಕನಿಷ್ಠ 10 ದಿನ ಕ್ಯೂರಿಂಗು ಬೇಕು.
- ತಾರಸಿಯ ಮೇಲೆ ಶೀಟಿನ ಮಾಡು ಹಾಕಿಸುವುದಾದರೆ ಟ್ರಸ್ಸಿನ ಕಂಬಗಳನ್ನು ಸ್ಲ್ಯಾಬಿಗೆ ಬೋಲ್ಟು ಹಾಕಿ ಬಿಗಿಸಿ. ಮೇ ತಿಂಗಳ ಗಾಳಿ ಶೀಟನ್ನು ಕೆಳಗಿನಿಂದ ಎತ್ತುತ್ತದೆ.

ಮಾಡಬಾರದ್ದು

- ಸ್ಲ್ಯಾಬಿನ ಅಡಿಯ ಕಂಬಗಳನ್ನು 14 ದಿನಕ್ಕೆ ಮೊದಲು, ಬೀಮಿನ ಅಡಿಯದನ್ನು 21 ದಿನಕ್ಕೆ ಮೊದಲು ತೆಗೆಸಬೇಡಿ. ಸೆಂಟ್ರಿಂಗಿನವರಿಗೆ ಬೇರೆ ಕಡೆ ಕೆಲಸವಿದೆ ಎಂಬುದು ನಿಮಗೆ ಕಾರಣವಾಗಬಾರದು.
- ಕ್ಯೂರಿಂಗಿನ ನೀರು, ಡ್ರಮ್ಮು, ಟರ್ಪಾಲಿನ ಮಡಿಕೆಯಲ್ಲಿ ನಿಂತ ನೀರನ್ನು ವಾರ ದಾಟಿಸಬೇಡಿ. ಡೆಂಗ್ಯೂ ಸೊಳ್ಳೆಯ ಮೊಟ್ಟೆ ಒಡೆದು ರೆಕ್ಕೆ ಬರಲು ಎಂಟು-ಹತ್ತು ದಿನ ಸಾಕು.

6. ಕರೆಂಟು ಮತ್ತು ಸಿಡಿಲು

ಮಾಡಬೇಕಾದ್ದು: ಸಾರಣೆಗೆ ಮೊದಲು ಹಳೆ ವಯರನ್ನು ಪೂರ್ತಿ ಬದಲಿಸಿ. 30 ಮಿಲಿಆಂಪಿನ ಆರ್‌ಸಿಸಿಬಿ ಹಾಕಿಸಿ. ಹೊಸ ಅರ್ತಿಂಗ್ ಗುಂಡಿ ಮಾಡಿಸಿ; ಕೆಂಪುಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದರೆ ಹಳೆ ಅರ್ತಿಂಗು ಕೆಲಸ ಮಾಡುವುದಿಲ್ಲ. ಸಿಡಿಲು ಜಾಸ್ತಿಯಿರುವ ಏಪ್ರಿಲ್, ಮೇ, ಅಕ್ಟೋಬರ್ ತಿಂಗಳುಗಳಲ್ಲಿ ಗುಡುಗು ಕೇಳಿದ ಕೂಡಲೇ ಮಾಡಿನ ಮೇಲಿದ್ದವರನ್ನು ಇಳಿಸಿ. ಲೋಡು ಹೆಚ್ಚಾಗುವುದಿದ್ದರೆ ಮೆಸ್ಕಾಂಗೆ ಅರ್ಜಿ ಕೊಡಿ.

ಮಾಡಬಾರದ್ದು: ಮೀಟರಿಗೆ ಮೊದಲು ಎಲ್ಲೂ ಕೈ ಹಾಕಿಸಬೇಡಿ. ಲೈನಿನ ಹತ್ತಿರ ಕಬ್ಬಿಣದ ಏಣಿ, ಸರಳು, ಅಲ್ಯುಮಿನಿಯಂ ದೋಟಿ ಎತ್ತಿಸಬೇಡಿ. ಲೈನು ಅಡ್ಡಬಂದರೆ 1912ಕ್ಕೆ ತಿಳಿಸಿ, ಕರೆಂಟು ತೆಗೆಸಿ ಕೆಲಸ ಮಾಡಿಸಿ.

7. ಬಚ್ಚಲು, ಶೌಚಗುಂಡಿ, ಬಾವಿ

ಮಾಡಬೇಕಾದ್ದು: ಹೊಸ ಶೌಚಗುಂಡಿ ಬಾವಿಯಿಂದ, ನಿಮ್ಮದಷ್ಟೇ ಅಲ್ಲ ನೆರೆಯವರ ಬಾವಿಯಿಂದಲೂ, 15 ಮೀಟರಿಗಿಂತ ದೂರದಲ್ಲಿರಲಿ, ಬಾವಿಗಿಂತ ತಗ್ಗಿನಲ್ಲಿರಲಿ. ಕೆಂಪುಕಲ್ಲಿನ ನೆಲದಲ್ಲಿ ನೀರು ತೂತುಗಳ ಮೂಲಕ ಬೇಗ ಹರಿಯುತ್ತದೆ, ಆದ್ದರಿಂದ ಎಷ್ಟು ದೂರವೋ ಅಷ್ಟು ಒಳ್ಳೆಯದು. ಹಿರಿಯರಿರುವ ಮನೆಯಲ್ಲಿ ಜಾರದ ಟೈಲ್ಸು, ಹಿಡಿಕೆ, ಹೊಸಿಲಿಲ್ಲದ ಬಾಗಿಲು ಮಾಡಿಸಿ.

ಮಾಡಬಾರದ್ದು: ಹಳೆ ಶೌಚಗುಂಡಿಗೆ ಯಾರನ್ನೂ ಇಳಿಸಕೂಡದು. ಒಳಗಿನ ಅನಿಲಕ್ಕೆ ಕ್ಷಣದಲ್ಲಿ ಜೀವ ಹೋಗುತ್ತದೆ. 2013ರ ಕಾಯ್ದೆಯಂತೆ ಇದು ಅಪರಾಧ, ಇಳಿಸಿದ ಮನೆಯವರೂ ಹೊಣೆ. ಸಕ್ಕಿಂಗ್ ಯಂತ್ರ ತರಿಸಿ.

8. ಹಣ ಮತ್ತು ಕರಾರು

ಮಾಡಬೇಕಾದ್ದು

- ಏನೇನು ಕೆಲಸ, ಯಾವ ಸಾಮಾನು, ಅದನ್ನು ತರುವವರು ಯಾರು, ಚದರ ಅಡಿಗೆ ಎಷ್ಟು, ಯಾವ ದಿನಕ್ಕೆ ಮುಗಿಯಬೇಕು ಎಂದು ಬರೆದು, ಮೇಸ್ತ್ರಿ ಮತ್ತು ನೀವು ಇಬ್ಬರೂ ಸಹಿ ಹಾಕಿ. ಪರಿಚಯದವರು, ನೆಂಟರು ಆದರೆ ಇದು ಇನ್ನೂ ಅಗತ್ಯ. ಸಂಬಂಧ ಕೆಡದಂತೆ ಕಾಯುವುದು ಆ ಕಾಗದವೇ.
- ಅಂದಾಜಿನ ಮೇಲೆ ಐದರಲ್ಲೊಂದು ಪಾಲು ಹಣ ಬೇರೆ ತೆಗೆದಿಡಿ. ಹಳೆ ಮನೆ ಬಿಚ್ಚಿದಾಗ ಗೆದ್ದಲು ತಿಂದ ಅಡ್ಡ, ಕುಸಿದ ಪಾಯ ಕಾಣದೆ ಇರುವುದಿಲ್ಲ.
- ಹಣವನ್ನು ಹಂತಹಂತವಾಗಿ, ಮುಗಿದ ಕೆಲಸಕ್ಕೆ ಕೊಡಿ. ಮಧ್ಯದಲ್ಲಿ ಬದಲಾವಣೆ ಹೇಳಿದರೆ ಅದರ ಖರ್ಚನ್ನು ಅದೇ ದಿನ ಬರೆದುಕೊಳ್ಳಿ.
- ಕೂಲಿಯವರ ಹಣವನ್ನು ವಾರ ವಾರ ತಪ್ಪದೆ ಕೊಡಿ. ಅದು ಅವರ ಕೈ ಸೇರಿತೇ ಎಂದು ನೀವೇ ಕೇಳಿ.
- ಸಾಲ ಬೇಕಾದರೆ ಸೊಸೈಟಿ, ಬ್ಯಾಂಕುಗಳಲ್ಲಿ ಮನೆ ರಿಪೇರಿ ಸಾಲವನ್ನೇ ಕೇಳಿ. 1909ರಲ್ಲಿ ಮೊಳಹಳ್ಳಿ ಶಿವರಾಯರು ಪುತ್ತೂರಿನಲ್ಲಿ ಸಹಕಾರ ಸಂಘ ಕಟ್ಟಿದ್ದು ರೈತರು ಬಡ್ಡಿಗೆ ಸಿಕ್ಕಿ ಮುಳುಗಬಾರದೆಂದು.

ಮಾಡಬಾರದ್ದು

- ಶೂನ್ಯ ಬಡ್ಡಿಯ ಬೆಳೆಸಾಲವನ್ನು ಟೈಲ್ಸಿಗೆ ಹಾಕಬೇಡಿ. ಗಡುವಿಗೆ ಕಟ್ಟಲಾಗದೆ ಹೋದರೆ ಬಡ್ಡಿಯೂ ಬೀಳುತ್ತದೆ, ಮುಂದಿನ ಸಾಲವೂ ಹೋಗುತ್ತದೆ.
- ಬರುವ ವರ್ಷದ ಅಡಿಕೆಯನ್ನು ಈಗಲೇ ಲೆಕ್ಕಕ್ಕೆ ಹಿಡಿಯಬೇಡಿ. ಸಂಪಾಜೆ, ಅರಂತೋಡು ಕಡೆಯ ತೋಟಗಳನ್ನು ಹಳದಿ ಎಲೆ ರೋಗ ಏನು ಮಾಡಿದೆ ಎಂದು ನೋಡಿದ್ದೀರಿ. ಎಲೆಚುಕ್ಕಿ, ಕೊಳೆರೋಗ, ಧಾರಣೆಯ ಏರಿಳಿತ ಬೇರೆ. ಕೈಯಲ್ಲಿದ್ದ ಹಣಕ್ಕೆ ಎಷ್ಟು ಕೆಲಸವೋ ಅಷ್ಟೇ ಈ ವರ್ಷ.
- ಅರ್ಧದಷ್ಟು ಹಣ ಮುಂಗಡ ಕೊಡಬೇಡಿ. ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಬೇಕೆಂದರೆ ಸಾಮಾನನ್ನು ನೀವೇ ತಂದುಕೊಡಿ.
- ಹದಿನೆಂಟು ತುಂಬದವರನ್ನು ಕೆಲಸಕ್ಕೆ ಸೇರಿಸಬೇಡಿ. ಬೆಲ್ಟಿಲ್ಲದೆ ಯಾರನ್ನೂ ಮಾಡಿಗೆ ಹತ್ತಿಸಬೇಡಿ.

9. ಮನೆಯಲ್ಲಿ ಇದ್ದುಕೊಂಡೇ ಕೆಲಸ, ದೂರದಿಂದ ಕೆಲಸ

ಮಾಡಬೇಕಾದ್ದು: ಮನೆಯನ್ನು ಎರಡು ಭಾಗ ಮಾಡಿ. ಒಂದು ಮುಗಿದು, ಅಡುಗೆ, ಬಚ್ಚಲು, ಮಲಗುವ ವ್ಯವಸ್ಥೆ ಅಲ್ಲಿಗೆ ಬಂದ ಮೇಲೆ ಇನ್ನೊಂದನ್ನು ಬಿಚ್ಚಿ. ಉಬ್ಬಸದವರನ್ನು, ಹಸುಗೂಸುಗಳನ್ನು, ಬಾಣಂತಿಯನ್ನು ಒಡೆಯುವ ದಿನಗಳಲ್ಲಿ ನೆಂಟರ ಮನೆಗೆ ಕಳಿಸಿ. ಬೆಂಗಳೂರು, ಗಲ್ಫಿನಲ್ಲಿದ್ದು ಊರಿನ ಮನೆ ರಿಪೇರಿ ಮಾಡಿಸುವವರು ಊರಿನಲ್ಲಿ ಒಬ್ಬರಿಗೆ ಮಾತ್ರ ಹೊಣೆ ಕೊಡಿ. ಪಾಯ, ಕಬ್ಬಿಣ, ಪೈಪು, ವಯರು ಮುಚ್ಚಿಹೋಗುವ ಮೊದಲು ಫೋಟೋ ತರಿಸಿ ಇಟ್ಟುಕೊಳ್ಳಿ.

ಮಾಡಬಾರದ್ದು: ಊರಿನಲ್ಲಿ ಒಂಟಿಯಾಗಿರುವ ಅಪ್ಪ ಅಮ್ಮನ ಮೇಲೆ ಕೆಲಸದ ಉಸ್ತುವಾರಿ ಹೊರಿಸಬೇಡಿ. ಅವರು ಇರುವ ಮನೆಯಲ್ಲಿ ಅವರನ್ನು ಕೇಳದೆ ಏನನ್ನೂ ಬದಲಿಸಬೇಡಿ. ಜಗಲಿ ತೆಗೆಯಬೇಕೇ ಬೇಡವೇ ಎಂದು ಹೇಳುವ ಹಕ್ಕು ಅದರ ಮೇಲೆ ಕೂರುವವರದ್ದು.

10. ಮುಗಿಯಿತು ಎನ್ನುವ ಮೊದಲು

ಪತ್ತನಾಜೆಗೆ ಮೊದಲು ಮಾಡಿನ ಮೇಲೆ ಹೋಸಿನಿಂದ ನೀರು ಬಿಟ್ಟು ಒಳಗೆ ನೋಡಿ. ಕಣಿಗಳಲ್ಲಿ ನೀರು ನಿಲ್ಲದೆ ತೋಡಿಗೆ ಹೋಗುತ್ತದೆಯೇ ನೋಡಿ. ಪ್ರತಿ ಸ್ವಿಚ್ಚು, ಪ್ರತಿ ನಲ್ಲಿ, ಆರ್‌ಸಿಸಿಬಿಯ ಪರೀಕ್ಷಾ ಗುಂಡಿ ಒತ್ತಿ, ತಿರುಗಿಸಿ ನೋಡಿ. ಪಂಚಾಯತಿನಲ್ಲಿ ಮನೆಯ ಅಳತೆ ತಿದ್ದಿಸಿ, ತೆರಿಗೆ ಕಟ್ಟಿ, ರಶೀದಿ ಇಟ್ಟುಕೊಳ್ಳಿ.

ಕೆಲಸ ಚೆನ್ನಾಗಿದೆಯೇ ಎಂದು ಹೇಳುವುದು ಮಳೆ. ಆದ್ದರಿಂದ ಕರಾರು ಬರೆಯುವಾಗಲೇ ಒಂದು ಸಾಲು ಸೇರಿಸಿ: ಒಟ್ಟು ಮೊತ್ತದ ಹತ್ತರಲ್ಲಿ ಒಂದು ಪಾಲು ಆಟಿ ಕಳೆದು ಸೋಣ ಸಂಕ್ರಮಣದಂದು ಕೊಡತಕ್ಕದ್ದು. ಆ ದಿನ ಮಾಡು ಸೋರದೆ, ಗೋಡೆ ಒದ್ದೆಯಾಗದೆ, ಬರೆ ಜರಿಯದೆ ಇದ್ದರೆ ಮೇಸ್ತ್ರಿಯನ್ನು ಕರೆದು ಒಂದು ರೂಪಾಯಿಯೂ ಕಡಿಮೆ ಮಾಡದೆ ಕೊಡಿ. ಸೋರಿದ್ದರೆ, ಸರಿಮಾಡಿದ ಮೇಲೆ ಕೊಡಿ.